ಮೂರೂವರೆ ಪಟ್ಟು ಫಾಸ್ಟ್ ಅಂತ ಯಾರು ಹೇಳಿದ್ದು?

ಚಿಕ್ಕಪ್ಪ: (ಫಾರ್ವರ್ಡ್ ಆದ ಫೋಟೋ) "1982ರ ಎರಡು ಕಂಪ್ಯೂಟರ್‌ಗಳು. ಕಮೊಡೋರ್ 64: 1 ಮೆಗಾಹರ್ಟ್ಜ್. ಸಿಂಕ್ಲೇರ್ ಸ್ಪೆಕ್ಟ್ರಮ್: 3.5 ಮೆಗಾಹರ್ಟ್ಜ್. ಸ್ಪೆಕ್ಟ್ರಮ್ ಮೂರೂವರೆ ಪಟ್ಟು ಫಾಸ್ಟ್!"

ಚಿಕ್ಕಪ್ಪ: ಸ್ಪೆಕ್ಟ್ರಮ್ ಒಳಗಿನ ಝಡ್80 ಚಿಪ್ ಅಂದರೆ ಸುಮ್ನೆ ಅಲ್ಲ 💪

ಮಾವ: ಇದು ತಪ್ಪು. ದಯವಿಟ್ಟು ಬೇರೆ ಗುಂಪಿಗೆ ಕಳಿಸಬೇಡ.

ಚಿಕ್ಕಪ್ಪ: ಯಾಕೆ ಭಾವ? ಎರಡು ಅಂಕಿಯೂ ಸರಿಯಾಗಿವೆಯಲ್ಲ.

ಮಾವ: ಅಂಕಿ ಸರಿ, ಲೆಕ್ಕ ತಪ್ಪು. ಕಾಲೇಜಿನಲ್ಲಿ ಇಂಟೆಲ್ 8085 ಚಿಪ್‌ನ ಕಿಟ್ ಮೇಲೆ 3ಇ ಅನ್ನುವ ಕೋಡ್ ಒತ್ತುತ್ತಿದ್ದೆಯಲ್ಲ, ಅದೇನು ಹೇಳು.

ಚಿಕ್ಕಪ್ಪ: ಅದನ್ನು ಮರೆಯುತ್ತೇನಾ! ಎಂವಿಐ ಎ ಅನ್ನುವ ಇನ್‌ಸ್ಟ್ರಕ್ಷನ್. ಚಿಪ್ ಒಳಗಿನ ಪುಟ್ಟ ಜಾಗ ಎ ರಿಜಿಸ್ಟರ್‌ಗೆ ಒಂದು ಸಂಖ್ಯೆ ತುಂಬುವುದು. 7 ಟಿ-ಸ್ಟೇಟ್, ಅಂದರೆ 7 ಕ್ಲಾಕ್. ಲ್ಯಾಬ್ ರೆಕಾರ್ಡ್ ಬರೆದು ಬರೆದು ಬಾಯಿಪಾಠ ಆಗಿದೆ. ಝಡ್80ರಲ್ಲೂ ಅದೇ 3ಇ, ಅದೇ 7. 8085ರ ಅಣ್ಣ 8080 ಚಿಪ್‌ಗೆ ಬರೆದ ಪ್ರೋಗ್ರಾಂ ಅದರಲ್ಲೂ ಓಡಲಿ ಅಂತಲೇ ಹಾಗೆ ಮಾಡಿದ್ದರು.

ಮಾವ: ಸರಿ. 1 ಮೆಗಾಹರ್ಟ್ಜ್ ಅಂದರೆ ಸೆಕೆಂಡಿಗೆ ಹತ್ತು ಲಕ್ಷ ಕ್ಲಾಕ್. 3.5 ಮೆಗಾಹರ್ಟ್ಜ್‌ನಲ್ಲಿ 7 ಕ್ಲಾಕ್ ಅಂದರೆ ಎಷ್ಟು ಹೊತ್ತು?

ಚಿಕ್ಕಪ್ಪ: 2 ಮೈಕ್ರೋಸೆಕೆಂಡ್.

ಮಾವ: ಕಮೊಡೋರ್‌ನಲ್ಲಿ ಇದ್ದದ್ದು 6510 ಚಿಪ್, ನಮ್ಮ 6502 ಚಿಪ್‌ನ ತಮ್ಮ. ಇದೇ ಕೆಲಸಕ್ಕೆ ಅದರಲ್ಲಿ ಕೋಡ್ ಎ9. ಬರೀ 2 ಕ್ಲಾಕ್ ಸಾಕು. 1 ಮೆಗಾಹರ್ಟ್ಜ್‌ನಲ್ಲಿ ಎಷ್ಟಾಯಿತು?

ನಾನು: ಅದೂ 2 ಮೈಕ್ರೋಸೆಕೆಂಡ್!

ಮಾವ: ನೋಡು ಪುಟ್ಟಿ. ಮೂರೂವರೆ ಪಟ್ಟು ಎಲ್ಲಿ ಹೋಯಿತು?

ಚಿಕ್ಕಪ್ಪ: ಒಂದೇ ಇನ್‌ಸ್ಟ್ರಕ್ಷನ್ ಹಿಡಿದುಕೊಂಡು ತೀರ್ಪು ಕೊಡಬೇಡಿ ಭಾವ. 16 ಬಿಟ್‌ನ ಎರಡು ಸಂಖ್ಯೆ ಕೂಡಿಸಿ ನೋಡಿ. ಝಡ್80ರಲ್ಲಿ ಸಂಖ್ಯೆಗಳು ರಿಜಿಸ್ಟರ್ ಜೋಡಿಗಳಲ್ಲಿ ಇದ್ದರೆ ಒಂದೇ ಇನ್‌ಸ್ಟ್ರಕ್ಷನ್, 11 ಕ್ಲಾಕ್. ಮೂರು ಮೈಕ್ರೋಸೆಕೆಂಡ್ ಚಿಲ್ಲರೆ. 6502ರಲ್ಲಿ ಕೂಡುವುದಕ್ಕೆ ಇರುವುದು ಎಂಟು ಬಿಟ್‌ನ ಒಂದೇ ಎ ರಿಜಿಸ್ಟರ್. ಮೊದಲು ಕೆಳಗಿನ ಅರ್ಧ, ಆಮೇಲೆ ಮೇಲಿನ ಅರ್ಧ. ಏಳು ಇನ್‌ಸ್ಟ್ರಕ್ಷನ್. ಬೇಗ ಸಿಗುವ ಮೆಮೊರಿ ಭಾಗ ಝೀರೋ ಪೇಜ್ ಬಳಸಿದರೂ 20 ಕ್ಲಾಕ್.

ಮಾವ: ಒಪ್ಪಿದೆ, ಅಲ್ಲಿ ಝಡ್80 ಮೇಲು. ಆದರೆ ನಮ್ಮ ಶಾಲೆಯ ಬಿಬಿಸಿ ಮೈಕ್ರೋದಲ್ಲಿ 6502 ಓಡುತ್ತಿದ್ದದ್ದು 2 ಮೆಗಾಹರ್ಟ್ಜ್‌ನಲ್ಲಿ. ಎಲ್ಲದಕ್ಕೂ ಅರ್ಧ ಹೊತ್ತು ಸಾಕು.

ನಾನು: ಆಗಿನ ಕಾಲದಲ್ಲಿ ಶಾಲೆಗೆ ಕಂಪ್ಯೂಟರ್ ಬಂದಿತ್ತಾ ಮಾವ?

ಮಾವ: ಬಂದಿತ್ತು. ಕೇಂದ್ರ ಸರ್ಕಾರದ ಕ್ಲಾಸ್ ಯೋಜನೆ 1984ರಲ್ಲಿ ಶುರುವಾಯಿತು. ಅದರಲ್ಲಿ ಕೊಟ್ಟದ್ದು ಬಿಬಿಸಿ ಮೈಕ್ರೋ, ಬ್ರಿಟನ್ನಿನ ಏಕಾರ್ನ್ ಕಂಪನಿಯದು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಒಂದು ಕಂಪ್ಯೂಟರ್ ಮುಂದೆ ನಾವು ನಾಲ್ಕು ಜನ. ನನ್ನ ಸರದಿ ಬಂದಾಗ ಬೇಸಿಕ್ ಭಾಷೆಯಲ್ಲಿ ಎರಡು ಸಾಲು ಬರೆದು ನನ್ನ ಹೆಸರು ಪರದೆ ತುಂಬಾ ಬರುವ ಹಾಗೆ ಮಾಡಿದೆ. ಆ ದಿನ ರಾತ್ರಿ ನಿದ್ದೆ ಬರಲಿಲ್ಲ.

ಅತ್ತೆ: ಇದನ್ನು ನನಗೂ ಹೇಳಿರಲಿಲ್ಲ ನೀವು.

ನಾನು: ಸರಿ, ಕೊನೆಗೆ ಯಾವ ಚಿಪ್ ದೊಡ್ಡದು?

ಮಾವ: ಸ್ಪೀಡ್ ಬಿಡು, ಬೆಲೆ ನೋಡು. ಇಂಟೆಲ್ 8080 ಬಂದಾಗ 360 ಡಾಲರ್. ಆ ಬೆಲೆಗೆ ಮನೆಮನೆಗೆ ಕಂಪ್ಯೂಟರ್ ಹೇಗೆ ಬರುತ್ತದೆ? ಚಕ್ ಪೆಡಲ್ ಆಗ ಮೊಟೊರೊಲಾದಲ್ಲಿದ್ದರು. ಅಗ್ಗದ ಚಿಪ್ ಮಾಡೋಣ ಅಂದರೆ ಕಂಪನಿ ಬೇಡ ಅಂದಿತು. ಜೊತೆಯವರನ್ನು ಕರೆದುಕೊಂಡು ಎಂಒಎಸ್ ಟೆಕ್ನಾಲಜಿ ಕಂಪನಿಗೆ ಹೋದರು. 1975ರ ಸೆಪ್ಟೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೆಸ್ಕಾನ್ ಎಲೆಕ್ಟ್ರಾನಿಕ್ಸ್ ಮೇಳದ ಹೊತ್ತಿಗೆ ತಾವು ಮಾಡಿದ 6502 ಮಾರಿದ್ದು 25 ಡಾಲರ್‌ಗೆ! ಆಪಲ್ ಕಟ್ಟಿದ ಸ್ಟೀವ್ ವೋಜ್ನಿಯಾಕ್ ಅಲ್ಲೇ ಕೊಂಡದ್ದು. ಆಪಲ್ 1 ಅದರ ಮೇಲೇ ನಿಂತಿತು. ಆಮೇಲೆ ಆಪಲ್ 2, ಕಮೊಡೋರ್ ಪೆಟ್, ಅಟಾರಿ, ಎಲ್ಲಕ್ಕೂ ಇದೇ ಮನೆತನದ ಚಿಪ್. ಇಷ್ಟೆಲ್ಲ ಮಾಡಿದವರನ್ನು ಒಂದು ಮೆಗಾಹರ್ಟ್ಜ್ ಅಂಕಿ ಇಟ್ಟುಕೊಂಡು ಸಣ್ಣವರನ್ನಾಗಿ ಮಾಡಿದರೆ ನನಗೆ ನಿಜವಾಗಿ ಬೇಜಾರಾಗುತ್ತದೆ.

ಚಿಕ್ಕಪ್ಪ: ಸಣ್ಣವರು ಅನ್ನೋದು ನನ್ನ ಮನಸ್ಸಿನಲ್ಲಿ ಇರಲಿಲ್ಲ ಭಾವ. ಆದರೆ ಫೆಡೆರಿಕೋ ಫ್ಯಾಜಿನ್ ಅವರದೂ ಅದೇ ಕಥೆ ಅಲ್ವಾ? ಇಂಟೆಲ್‌ನಲ್ಲಿ 4004, 8080 ಮಾಡಿ, ಹೊರಗೆ ಬಂದು ಝೈಲಾಗ್ ಕಟ್ಟಿದರು. 1976ರಲ್ಲಿ ಝಡ್80 ತಂದರು. 8080ಕ್ಕೆ ಮೂರು ವೋಲ್ಟೇಜ್ ಬೇಕಿತ್ತು. ಇದಕ್ಕೆ 5 ವೋಲ್ಟ್ ಒಂದೇ ಸಾಕು. ಡೈನಮಿಕ್ ಮೆಮೊರಿಯಲ್ಲಿ ಇಟ್ಟದ್ದು ಅಳಿಸಿಹೋಗದ ಹಾಗೆ ಅದನ್ನು ಆಗಾಗ ರಿಫ್ರೆಶ್ ಮಾಡುವ ಏರ್ಪಾಡೂ ಚಿಪ್ಪಿನ ಒಳಗೇ ಇತ್ತು. ಬೋರ್ಡಿನ ಮೇಲೆ ಬೇರೆ ಚಿಪ್ ಕಡಿಮೆ ಆದವು. ಅಗ್ಗ ಅನ್ನುವುದು ಹಾಗೂ ಬರುತ್ತದೆ. 1980ರ ಸಿಂಕ್ಲೇರ್ ಝಡ್‌ಎಕ್ಸ್80 ನೂರು ಪೌಂಡ್ ಒಳಗೆ ಸಿಕ್ಕಿತು, ಅದರಲ್ಲೂ ಇದೇ ಮನೆತನದ ಚಿಪ್. ಇನ್ನೊಂದು ಮಾತು: ಝಡ್80ಯನ್ನು ಬಿಡಿ ಚಿಪ್ ಆಗಿ ಮಾಡುವುದನ್ನು ಝೈಲಾಗ್ ನಿಲ್ಲಿಸಿದ್ದು 2024ರಲ್ಲಿ. ಸುದ್ದಿ ಓದಿದ ದಿನ ಮನಸ್ಸಿಗೆ ಹೇಗೋ ಆಯಿತು.

ಮಾವ: ನನಗೂ ಆಯಿತು.

ಚಿಕ್ಕಪ್ಪ: ಆ ಫಾರ್ವರ್ಡ್ ಅಳಿಸಿದೆ. ಹೀಗೆ ಬರೆದು ಕಳಿಸಲಾ? "1982ರ ಎರಡು ಕಂಪ್ಯೂಟರ್‌ಗಳು. ಎ ರಿಜಿಸ್ಟರ್‌ಗೆ ಒಂದು ಸಂಖ್ಯೆ ತುಂಬಲು ಎರಡಕ್ಕೂ 2 ಮೈಕ್ರೋಸೆಕೆಂಡ್."

ಮಾವ: "ಸುಮಾರು 2" ಅಂತ ಹಾಕು. ಕಮೊಡೋರ್ 64ರ ಕ್ಲಾಕ್ ಸರಿಯಾಗಿ 1 ಅಲ್ಲ. ಅಮೆರಿಕದ್ದು 1.023, ಯುರೋಪಿನದು 0.985.