ಅಪ್‌ಡೇಟ್: ಎರಡು ಅಡಿಯ ಅಕ್ವೇರಿಯಂಗೆ ಕಡಿಮೆ ಖರ್ಚಿನ ಬೆಳಕು

ಗಿಡಗಳಿರುವ ಎರಡು ಅಡಿಯ ಮೀನಿನ ತೊಟ್ಟಿಗೆ ದುಬಾರಿ ದೀಪವೇ ಬೇಕೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ನನ್ನ ಮಟ್ಟಿಗೆ ಖಂಡಿತ ಬೇಡ.

ಹಾಸನದ ಎಲೆಕ್ಟ್ರಿಕಲ್ ಅಂಗಡಿಯಲ್ಲಿ 6500 ಕೆಲ್ವಿನ್‌ನ (ಹಗಲಿನಂಥ ಬಿಳಿ ಬೆಳಕಿನ) 20 ವ್ಯಾಟ್ ಎಲ್‌ಇಡಿ ಫ್ಲಡ್ ಲೈಟ್ ಕೊಂಡು ತೊಟ್ಟಿಯ ಮೇಲೆ ತೂಗುಹಾಕಿದ್ದೇನೆ. ಐಪಿ65 ಗುರುತು ಇದೆಯೇ ಎಂದು ನೋಡಿಯೇ ಕೊಂಡೆ. ಅಂದರೆ ನೀರು ಸಿಡಿದರೆ ತೊಂದರೆಯಿಲ್ಲ, ಆದರೆ ಮುಳುಗಿಸುವಂತಿಲ್ಲ. ಗಿಡಗಳಿಗೆಂದೇ ಮಾರುವ ಕೆಂಪು-ನೀಲಿ ದೀಪ ಬೇಡವೆನಿಸಿತು. ಬಿಳಿ ಬೆಳಕಿನಲ್ಲಿಯೇ ಆ ಎರಡೂ ಬಣ್ಣಗಳಿವೆ, ಮೀನಿನ ನಿಜವಾದ ಬಣ್ಣವೂ ಕಾಣುತ್ತದೆ. ಜಾವಾ ಫರ್ನ್, ಅನೂಬಿಯಾಸ್ ಎರಡೂ ಹೊಸ ಎಲೆ ಬಿಟ್ಟಿವೆ. ಇವು ಮಂದ ಬೆಳಕಿಗೂ ಒಗ್ಗುವ ಗಿಡಗಳು. ಕೆಂಪು ಎಲೆಯ ಗಿಡ ಬೆಳೆಸುವವರಿಗೆ ಇಷ್ಟು ಬೆಳಕು ಸಾಲದಿರಬಹುದು.

ನಿಜವಾದ ಉಪಕಾರ ಮಾಡಿದ್ದು ಟೈಮರ್ ಹಾಕಿ ಎಂಬ ಸಲಹೆ. ದಿನಕ್ಕೆ 7 ಗಂಟೆಗೆ ಮಿತಿಗೊಳಿಸಿದ ಮೇಲೆ ಗಾಜಿನ ಹಸಿರು ಪಾಚಿ ಬಹಳ ಕಡಿಮೆಯಾಗಿದೆ. ಕಿಟಕಿಯ ಬಿಸಿಲು ತೊಟ್ಟಿಗೆ ಬೀಳದಂತೆ ಪರದೆಯನ್ನೂ ಕಟ್ಟಿದ್ದೇನೆ.

ಇದನ್ನೇ ಮಾಡುವವರು ದಯವಿಟ್ಟು ವೈರ್ ಅನ್ನು ಸಾಕೆಟ್‌ಗಿಂತ ಕೆಳಗೆ ಜೋತುಬೀಳುವಂತೆ ಬಿಡಿ. ಹನಿ ಅಲ್ಲಿಯೇ ತೊಟ್ಟಿಕ್ಕಬೇಕು, ಪ್ಲಗ್‌ಗೆ ಹರಿಯಬಾರದು.