ಅಪ್‌ಡೇಟ್: ಬರ್ಮಾಕ್ಕೆ ಹೋದ ದೊಡ್ಡಜ್ಜನ ಹೆಸರು ಸಿಕ್ಕಿತು

ಎರಡನೇ ಮಹಾಯುದ್ಧದಲ್ಲಿ ಬರ್ಮಾಕ್ಕೆ ಹೋಗಿ ವಾಪಸ್ ಬಾರದ ನಮ್ಮಜ್ಜನ ಅಣ್ಣನನ್ನು ಎಲ್ಲಿ ಹುಡುಕೋದು ಅಂತ ಕೇಳಿದ್ದೆನಲ್ಲ, ಸಿಕ್ಕರು! ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ (ಮಹಾಯುದ್ಧಗಳಲ್ಲಿ ಸತ್ತ ಸೈನಿಕರ ಸಮಾಧಿ, ಸ್ಮಾರಕ ನೋಡಿಕೊಳ್ಳುವ ಸಂಸ್ಥೆ) ವೆಬ್‌ಸೈಟ್‌ನಲ್ಲಿ ಸುಮ್ನೆ ಹೆಸರು ಹಾಕಿದರೆ ರಾಶಿ ಜನ ಬರುತ್ತಾರೆ. ಹಳೇ ಪಿಂಚಣಿ ಕಾಗದದಲ್ಲಿದ್ದ ಸರ್ವಿಸ್ ನಂಬರ್ ಹಾಕಿದ ಮೇಲೆ ಒಬ್ಬರೇ ಉಳಿದರು. ಅಪ್ಪನ ಹೆಸರು, ಊರು ಎಲ್ಲ ಸರಿಯಾಗಿದೆ. ಮದ್ರಾಸ್ ಸ್ಯಾಪರ್ಸ್‌ನವರು. ಸೇತುವೆ, ರಸ್ತೆ ಕಟ್ಟುವ ಪಡೆ, ಈಗಲೂ ಬೆಂಗಳೂರಿನ ಹಲಸೂರು ಕೆರೆ ಪಕ್ಕ ಇದೆಯಲ್ಲ, ಅದೇ. ಸಮಾಧಿ ಇಲ್ಲ. ಯಾಂಗೊನ್ (ಆಗಿನ ರಂಗೂನ್) ಹತ್ತಿರ ಟೌಕ್ಯಾನ್‌ನಲ್ಲಿರುವ ರಂಗೂನ್ ಸ್ಮಾರಕದ ಕಂಬದ ಮೇಲೆ ಹೆಸರಿದೆ. ಅಲ್ಲಿ ಅಂಥವರು ಸುಮಾರು 27,000 ಜನ.

ಸತ್ತ ದಿನ ಗೊತ್ತಿಲ್ಲದೆ ಇಷ್ಟು ವರ್ಷ ಮಹಾಲಯ ಅಮಾವಾಸ್ಯೆಗೇ ಎಡೆ ಇಡುತ್ತಿದ್ದೆವು. ಈಗ ತಾರೀಕು ಸಿಕ್ಕಿದೆ. ಚಿಕ್ಕಪ್ಪ 1945ರ ಪಂಚಾಂಗ ನೋಡಿಸಿ ತಿಥಿ ತೆಗೆಸಿದರು. ಸೋದರತ್ತೆ ಮಾತ್ರ, ‘ಅಮಾವಾಸ್ಯೆ ಎಡೆ ಬಿಡಬೇಡ್ರೋ, ದೊಡ್ಡಪ್ಪನಿಗೆ ಅದೇ ಅಭ್ಯಾಸ ಆಗಿರುತ್ತೆ’ ಅಂದರು. ಎರಡೂ ಮಾಡುತ್ತೇವೆ, ಅತ್ತೆ ಜೊತೆ ವಾದ ಮಾಡೋರು ಯಾರು!

ವೆಬ್‌ಸೈಟ್‌ನಿಂದ ಸ್ಮರಣ ಪತ್ರ ಇಳಿಸಿಕೊಂಡು ಫ್ರೇಮ್‌ಗೆ ಕೊಟ್ಟಿದ್ದೇನೆ. ಅವರ ಫೋಟೊ ಒಂದೂ ಇಲ್ಲ, ಗೋಡೆ ಮೇಲೆ ಇದೇ ಇರಲಿ. ಯಾರಾದರೂ ಯಾಂಗೊನ್‌ಗೆ ಹೋಗುವವರಿದ್ದರೆ ಹೇಳಿ, ಕಂಬದ ನಂಬರ್ ಕಳಿಸುತ್ತೇನೆ.