ಆಟಿಕೆ ಕಾರನ್ನು ಮುಂದಕ್ಕೆ ತಳ್ಳುವುದು ಯಾವುದು? ಮೂವರ ಅನುಭವ

ಗಂಗಾವತಿಯ ಪ್ರೌಢಶಾಲಾ ಶಿಕ್ಷಕಿಯೊಬ್ಬರ ಕೋರಿಕೆ: 9ನೇ ತರಗತಿಯ ಮಕ್ಕಳು ನ್ಯೂಟನ್ನನ ಮೂರೂ ನಿಯಮಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ, ಆದರೆ ಓಡುವ ಕಾರನ್ನು ಮುಂದಕ್ಕೆ ತಳ್ಳುವ ಬಲ ಯಾವುದೆಂದು ಕೇಳಿದರೆ ಸುಮ್ಮನಾಗುತ್ತಾರೆ. ಮನೆಯ ಸಾಮಾನಿನಲ್ಲೇ ಮಾಡಿ ತೋರಿಸಬಹುದಾದ ಕಾರೊಂದನ್ನು ತಿಳಿಸಿ.

ಬಳ್ಳಾರಿಯಿಂದ:

ಎಲ್ಲರೂ ಮೊದಲು ಹೇಳುವುದು ಬಲೂನಿನ ಕಾರನ್ನು. ಬಲೂನು ಗಾಳಿಯನ್ನು ಹಿಂದಕ್ಕೆ ತಳ್ಳುತ್ತದೆ, ಗಾಳಿ ಬಲೂನನ್ನು ಮುಂದಕ್ಕೆ ತಳ್ಳುತ್ತದೆ. ಮೂರನೆಯ ನಿಯಮಕ್ಕೆ ಅದು ಒಳ್ಳೆಯ ಉದಾಹರಣೆಯೇ. ಆದರೆ ಹೊಸಪೇಟೆಯ ಬಸ್ಸು ಗಾಳಿ ಊದುತ್ತ ಓಡುವುದಿಲ್ಲವಾದ್ದರಿಂದ ನಿಮ್ಮ ಪ್ರಶ್ನೆಗೆ ರಬ್ಬರ್ ಬ್ಯಾಂಡಿನ ಕಾರೇ ತಕ್ಕದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ. ದಪ್ಪ ರಟ್ಟಿನ ಮೈ, ಬಾಟಲಿ ಮುಚ್ಚಳದ ಗಾಲಿಗಳು, ಸೈಕಲ್ ಕಡ್ಡಿಯ ಅಚ್ಚು ಸಾಕು. ರಬ್ಬರ್ ಬ್ಯಾಂಡಿನ ಒಂದು ತುದಿಯನ್ನು ಕಾರಿನ ಮುಂಭಾಗಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಹಿಂದಿನ ಅಚ್ಚಿನ ಕೊಕ್ಕೆಗೆ ಸಿಕ್ಕಿಸಿ, ಕಾರನ್ನು ನೆಲಕ್ಕೊತ್ತಿ ಹಿಂದಕ್ಕೆಳೆದರೆ ಅದು ಅಚ್ಚಿಗೆ ಸುತ್ತಿಕೊಳ್ಳುತ್ತದೆ. ಸುತ್ತು ಬಿಚ್ಚಿದ ಮೇಲೆ ತುದಿ ಕೊಕ್ಕೆಯಿಂದ ತಾನಾಗಿ ಕಳಚಿಕೊಳ್ಳಬೇಕು. ಗಂಟು ಹಾಕಿದರೆ ಅದೇ ಕಾರನ್ನು ತಡೆಯುತ್ತದೆ.

ಮುಖ್ಯವಾದದ್ದು ಇನ್ನು ಮುಂದಿದೆ. ನಾಲ್ಕೈದು ದುಂಡನೆಯ ಪೆನ್ನುಗಳನ್ನು ಅಡ್ಡಲಾಗಿ ಸಾಲಾಗಿಟ್ಟು, ಮೇಲೆ ಹಗುರವಾದ ರಟ್ಟನ್ನು ಹಾಸಿ, ಸುತ್ತಿದ ಕಾರನ್ನು ಅದರ ಮೇಲೆ ಬಿಡಿ. ಕಾರು ಮುಂದಕ್ಕೆ ಹೋಗುವಾಗ ರಟ್ಟು ಹಿಂದಕ್ಕೆ ಸರಿಯುತ್ತದೆ. ಗಾಲಿ ನೆಲವನ್ನು ಹಿಂದಕ್ಕೆ ತಳ್ಳುತ್ತದೆ, ನೆಲ ಘರ್ಷಣೆಯ ಮೂಲಕ ಗಾಲಿಯನ್ನು ಮುಂದಕ್ಕೆ ತಳ್ಳುತ್ತದೆ ಎಂಬ ಮಾತನ್ನು ಮಕ್ಕಳು ಆಗ ಕಣ್ಣಾರೆ ಕಾಣುತ್ತಾರೆ. ಘರ್ಷಣೆಯೆಂದರೆ ಯಾವಾಗಲೂ ಚಲನೆಯನ್ನು ತಡೆಯುವುದೇ ಎಂಬ ತಪ್ಪು ತಿಳಿವಳಿಕೆಯೂ ಅಲ್ಲಿಯೇ ಬಿಡುತ್ತದೆ.

ರಾಯಚೂರಿನಿಂದ:

ಮೇಲಿನ ಮಾತಿಗೆ ಸೇರಿಸುವುದಿಷ್ಟೆ. ನಮ್ಮ ಕಡೆಯ ಮನೆಗಳ ನುಣುಪಾದ ಶಹಾಬಾದ್ ಕಲ್ಲಿನ ಮೇಲೆ ಪ್ಲಾಸ್ಟಿಕ್ ಮುಚ್ಚಳ ನಿಂತಲ್ಲೇ ತಿರುಗುತ್ತದೆ. ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯೊಂದನ್ನು ಹಿಂದಿನ ಗಾಲಿಗಳಿಗೆ ಬಿಗಿದರೆ ಹಿಡಿತ ಬರುತ್ತದೆ. ಪಟ್ಟಿಯಿಲ್ಲದೆ ಒಮ್ಮೆ, ಪಟ್ಟಿಯೊಡನೆ ಒಮ್ಮೆ ಓಡಿಸಿ ತೋರಿಸಿ. ಅಚ್ಚಿನ ಬಳಿ ಮಾತ್ರ ಘರ್ಷಣೆ ಕಡಿಮೆಯಿರಬೇಕು: ಕಡ್ಡಿ ಖಾಲಿ ಪೆನ್ನಿನ ಕೊಳವೆಯೊಳಗೆ ಸಲೀಸಾಗಿ ತಿರುಗಲಿ, ಎರಡೂ ಅಚ್ಚುಗಳು ಸಮಾನಾಂತರವಾಗಿರಲಿ, ಮುಚ್ಚಳದ ತೂತು ನಟ್ಟನಡುವೆ ಇರಲಿ. ಬಿಸಿಲಿನಲ್ಲಿಟ್ಟ ರಬ್ಬರ್ ಬ್ಯಾಂಡ್ ಬೇಗ ಪೆಡಸಾಗಿ ಹರಿಯುವುದರಿಂದ ಅವನ್ನು ನೆರಳಿನಲ್ಲಿಡಿ.

ಕೊಪ್ಪಳದಿಂದ:

ರಬ್ಬರ್ ಬ್ಯಾಂಡ್ ಬಿಚ್ಚಿಟ್ಟು ಅದೇ ಕಾರನ್ನು ಇಳಿಜಾರಿನ ಹಲಗೆಯ ಮೇಲಿಂದಲೂ ಬಿಡಿ. ಬಿಡುವ ಎತ್ತರವನ್ನು 10 ಸೆಂ.ಮೀ.ನಿಂದ 20 ಸೆಂ.ಮೀ.ಗೆ ಏರಿಸಿದರೆ ಸಮತಲದ ಮೇಲೆ ಉರುಳುವ ದೂರವೂ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ಆದರೆ ಇಳಿಜಾರಿನ ಬುಡದಲ್ಲಿ ಕಾರಿನ ವೇಗ ಸುಮಾರು 1.4 ಪಟ್ಟು ಮಾತ್ರ ಹೆಚ್ಚುತ್ತದೆ. ಚಲನ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿರುವುದೇ ಇದಕ್ಕೆ ಕಾರಣ. ಅಳತೆಯನ್ನು ಮಕ್ಕಳೇ ಟೇಪು ಹಿಡಿದು ಮಾಡಲಿ, ನಕ್ಷೆಯನ್ನೂ ಅವರೇ ಬರೆಯಲಿ. ಬಳಿಕ ಕಾರಿನ ಮೇಲೆ ಒಂದೆರಡು ನಟ್ಟುಗಳನ್ನಿಟ್ಟು, ಭಾರ ಹೆಚ್ಚಿದರೆ ದೂರ ಎಷ್ಟಾದೀತೆಂದು ಓಡಿಸುವ ಮೊದಲೇ ಕೇಳಿ. ಬಹಳಷ್ಟು ಬದಲಾಗುತ್ತದೆಂದು ಹೆಚ್ಚಿನವರು ಹೇಳುತ್ತಾರೆ. ಭಾರದೊಡನೆ ಶಕ್ತಿಯೂ ಘರ್ಷಣೆಯೂ ಒಟ್ಟಿಗೆ ಹೆಚ್ಚುವುದರಿಂದ ದೂರ ಅಷ್ಟಾಗಿ ಬದಲಾಗುವುದಿಲ್ಲ.